ಹೆಸರು ಕತ್ತರಿಸಿದ ಗುಳಿಗೆ

ಹರಪನಹಳ್ಳಿ
೧೨ ಜೂನ್ ೨೦೨೪

ಅಕ್ಕ,

ನೀನು ಕಳಿಸಿದ ಲಕೋಟೆ ಸೋಮವಾರ ಕೈಸೇರಿತು. ಮಾಲಾ ಗುಳಿಗೆಯ ಮೂರು ಹಾಳೆ, ಎರಡು ಶೇಂಗಾ ಹೋಳಿಗೆ ಇದ್ದವು. ಪತ್ರ ಇರಲಿಲ್ಲ. ಹೋಳಿಗೆಯ ಮೇಲೆ ಅಂಚೆ ಮುದ್ರೆ ಬಿದ್ದು ಪುಡಿಯಾಗಿತ್ತು, ಚಮಚದಲ್ಲಿ ತಿಂದೆ. ಭಾವ ಫೋನು ತಡಕುತ್ತಾನೆ, ಪತ್ರ ಬರೆಯೋಣ ಎಂದವಳು ನೀನು. ಅಂಗನವಾಡಿಯ ಅನ್ನದಾನಮ್ಮ ಟೀಚರ ವಿಳಾಸ ಕೊಟ್ಟವಳೂ ನೀನು. ಈಗ ನೋಡಿದರೆ ಬರೆಯುವ ಪಾಳಿ ನನ್ನೊಬ್ಬಳದೇ ಆಗಿದೆ.

ಇನ್ನೊಂದು ಮಾತು. ಲಕೋಟೆಯ ಮೇಲೆ ಹಳೆಯ ಹೆಸರು ಬರೆಯಬೇಡ. ಅಂಚೆಯಣ್ಣ ಖಾನಾವಳಿಯ ಬಾಗಿಲಲ್ಲಿ ನಿಂತು "ಇಲ್ಲಿ ಮೈಲಪ್ಪ ಅಂದ್ರ ಯಾರ್ರಿ" ಎಂದು ಊಟಕ್ಕೆ ಕೂತ ಇಪ್ಪತ್ತು ಜನರ ಮುಂದೆ ಕೂಗಿದ. ನಾನು ಸೆರಗು ಸರಿಮಾಡಿಕೊಂಡು ಎದ್ದು ಹೋಗಿ ತೆಗೆದುಕೊಂಡೆ. ನಮ್ಮ ಯಜಮಾನತಿ ನೀಲಗಂಗಮ್ಮ ಆಮೇಲೆ ಹೇಳಿದರು: "ಅಮೃತಾ ಅಂತ ಬರೀ ಅನ್ನು ನಿಮ್ಮಕ್ಕಗ. ಮೂರಕ್ಷರ ಬರದ್ರ ಕೈಯೇನು ಸವೆಯಂಗಿಲ್ಲ."

ಗುಳಿಗೆ ಶುರುಮಾಡಿ ಎಂಟು ತಿಂಗಳಾಯಿತು. ಮಕ್ಕಳು ಈಗಲೇ ಬೇಡ ಅನ್ನುವ ಹೆಂಗಸರಿಗೆ ಆಶಾ ಕಾರ್ಯಕರ್ತೆಯಾದ ನೀನು ಹಂಚುವ ಗುಳಿಗೆ ನನ್ನ ಮೈಯನ್ನು ಹೆಣ್ಣಿನದು ಮಾಡುತ್ತಿದೆ ಎಂದರೆ ನಿನಗೇ ನಗು ಬಂದೀತು. ಚರ್ಮ ಮೆತ್ತಗಾಗಿದೆ. ಎದೆಯಲ್ಲಿ ಅವರೆಕಾಳಿನಷ್ಟು ಗಂಟು ಕಟ್ಟಿ ನೋಯುತ್ತದೆ, ಆ ನೋವು ನನಗೆ ಇಷ್ಟ. ಆದರೆ ಮೂರು ತಿಂಗಳಿಂದ ಎಲ್ಲ ಅಲ್ಲಿಗೇ ನಿಂತಿದೆ. ಹಗರಿಬೊಮ್ಮನಹಳ್ಳಿಯ ರೋಜಾ, ನನ್ನ ಹಾಗೆಯೇ ಹೆಣ್ಣಾದವಳು, ದಾವಣಗೆರೆಯ ಹಾರ್ಮೋನ್ ಡಾಕ್ಟರಲ್ಲಿಗೆ ಹೋಗುತ್ತಾಳೆ. ಈಸ್ಟ್ರೋಜನ್ ಒಂದೇ ಸಾಲದು, ಪ್ರೊಜೆಸ್ಟೆರಾನ್ ಎಂಬ ಎರಡನೆಯ ಹಾರ್ಮೋನೂ ಬೇಕು, ಎರಡೂ ಸರಿತೂಗಿದರೆ ಎದೆ ತುಂಬುತ್ತದೆ ಅನ್ನುತ್ತಾಳೆ. ನನಗೆ ಅದು ಬೇಕು ಅಕ್ಕ. ಇಪ್ಪತ್ತೊಂಬತ್ತು ವರ್ಷ ಯಾರದೋ ಮನೆಯಲ್ಲಿ ಬಾಡಿಗೆಗೆ ಇದ್ದ ಹಾಗೆ ಈ ಮೈಯಲ್ಲಿ ಇದ್ದೆ. ನಾನೂ ಆ ಡಾಕ್ಟರನ್ನು ನೋಡಲೇ? ನೀನು ಹೇಳಿದ ಹಾಗೆ ಮಾಡುತ್ತೇನೆ.

ಅವ್ವನ ಮಂಡಿನೋವು ಹೇಗಿದೆ? ನನ್ನ ಸುದ್ದಿ ಕೇಳುತ್ತಾಳೋ ಇಲ್ಲವೋ, ಅದನ್ನಾದರೂ ಬರಿ. ಮನೆಯಳಿಯನಾಗಿ ಬಂದ ಭಾವ ನನ್ನ ಟ್ರಂಕನ್ನು ಬೀದಿಗೆ ಎಸೆದ ದಿನ ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅದೇ ನಾನು ಕೊನೆಗೆ ನೋಡಿದ್ದು. ನಾಲ್ಕು ವರ್ಷವಾಯಿತು.

ನಿನ್ನ
ಅಮೃತಾ


ಬೊಮ್ಮನಹಟ್ಟಿ, ಹೊಸಹಳ್ಳಿ ಹೋಬಳಿ
೨೩ ಜೂನ್ ೨೦೨೪

ತಮ್ಮಾ ಎಂದು ಬರೆದು ಹೊಡೆದುಹಾಕಿದ್ದೇನೆ. ಕಾಣುತ್ತಿದ್ದರೆ ಬೈಯಬೇಡ, ಬೇರೆ ಹಾಳೆ ಇರಲಿಲ್ಲ. ಲಕೋಟೆಯ ಮೇಲೆ ಖಾನಾವಳಿಯ ಹೆಸರಷ್ಟೇ ಹಾಕಿದ್ದೇನೆ. ಅಮೃತಾ ಎಂದು ಬರೆಯಲು ಹೊರಟೆ, ಅನ್ನದಾನಮ್ಮ ಪಕ್ಕದಲ್ಲೇ ಕೂತಿದ್ದಳು, ಬಿಟ್ಟೆ.

ಡಾಕ್ಟರು ಗೀಕ್ಟರು ಏನೂ ಬೇಡ. ಅವರು ಮೊದಲು ಕೇಳುವುದೇ ಗುಳಿಗೆ ಯಾರು ಕೊಟ್ಟರು ಅಂತ. ನನ್ನ ಕೆಲಸ ಹೋದರೆ ನಿನಗೆ ಗುಳಿಗೆ ಇಲ್ಲ, ನನಗೆ ಹೊಸ್ತಿಲು ದಾಟಲು ನೆಪ ಇಲ್ಲ. ಹದಿನಾಲ್ಕು ವರ್ಷದಿಂದ ಈ ಊರಿನ ಹೆಂಗಸರ ಮುಟ್ಟು, ಬಸಿರು, ಬಾಣಂತನ ನೋಡಿದವಳು ನಾನು. ಯಾವ ಹಾರ್ಮೋನು ಏನು ಮಾಡುತ್ತದೆ ಎಂದು ಟ್ರೈನಿಂಗಿನಲ್ಲಿ ಗೋಡೆಗೆ ಪಟ ತೂಗುಹಾಕಿ ಕಲಿಸಿದ್ದಾರೆ. "ಅಂಜಿನಕ್ಕ ಹೇಳಿದ್ರ ಮುಗೀತು, ದೊಡ್ಡ ದವಾಖಾನಿ ಯಾಕ ಬೇಕು" ಅನ್ನುತ್ತಾರೆ ನಮ್ಮ ಓಣಿಯವರು.

ನೀನು ಕೇಳಿದ ಎರಡನೆಯ ಹಾರ್ಮೋನು ನನಗೆ ಗೊತ್ತಿರುವುದೇ. ಈ ಪತ್ರದ ಜೊತೆ ಅರವತ್ತು ಇಟ್ಟಿದ್ದೇನೆ. ದಿನಕ್ಕೆ ಮೂರು, ಊಟವಾದ ಮೇಲೆ. ಮುಗಿಯುವ ಮೊದಲು ಮತ್ತೆ ಕಳಿಸುತ್ತೇನೆ. ಹಾಳೆಯಲ್ಲಿ ಹೆಸರಿದ್ದ ಭಾಗವನ್ನು ಕತ್ತರಿಯಿಂದ ಕತ್ತರಿಸಿ ಒಲೆಗೆ ಹಾಕಿದ್ದೇನೆ. ಯಾರಾದರೂ ಕೇಳಿದರೆ ಶಕ್ತಿಗುಳಿಗೆ ಅನ್ನು. ನಾನೂ ನುಂಗಿದ ಗುಳಿಗೆಯೇ, ಹೆದರಬೇಡ.

ಅವ್ವ ನಿನ್ನ ಸುದ್ದಿ ಕೇಳುವುದಿಲ್ಲ. ನಾನು ಲಕೋಟೆ ಅಂಟಿಸಲು ಕೂತಾಗ ಮಾತ್ರ ಮಗ್ಗುಲಲ್ಲಿ ಎರಡು ಹೋಳಿಗೆ ಇಟ್ಟು ಹೋಗುತ್ತಾಳೆ.

ಅಂಜಿನಕ್ಕ


ಹರಪನಹಳ್ಳಿ
೪ ಆಗಸ್ಟ್ ೨೦೨೪

ಅಕ್ಕ,

ಹೋಳಿಗೆ ಅವ್ವನದು ಎಂದು ಗೊತ್ತಾದ ಮೇಲೆ ಈ ಸಲದ ಪುಡಿಯನ್ನು ಎರಡು ದಿನ ಇಟ್ಟುಕೊಂಡು ತಿಂದೆ.

ಎರಡನೆಯ ಗುಳಿಗೆ ಶುರುವಾಗಿ ಐದು ವಾರ. ಎದೆ ಭಾರವಾದ ಹಾಗಿದೆ. ಕುಪ್ಪಸದ ಹೊಲಿಗೆ ಬಿಚ್ಚಿಸಲು ದರ್ಜಿಯ ಹತ್ತಿರ ಹೋದಾಗ ಅವನು ಏನೂ ಕೇಳದೆ ಟೇಪು ಹಿಡಿದ. ದಾರಿಯುದ್ದಕ್ಕೂ ಒಬ್ಬಳೇ ನಗುತ್ತಾ ಬಂದೆ.

ಆದರೆ ಕೆಲವು ತಿಳಿಯುತ್ತಿಲ್ಲ. ಹದಿನಾರರ ಹುಡುಗನಿಗೆ ಏಳುವ ಹಾಗೆ ಗಲ್ಲದ ತುಂಬ ಮೊಡವೆ ಎದ್ದಿವೆ. ವಾರಕ್ಕೊಮ್ಮೆ ಕೀಳುತ್ತಿದ್ದ ಕೂದಲು ಈಗ ಎರಡು ದಿನಕ್ಕೇ ಚುಚ್ಚುತ್ತದೆ. ರೋಜಾಳಿಗೆ ಹೀಗಾಗಿಲ್ಲ. ಮತ್ತೆ ಕಾರಣವಿಲ್ಲದೆ ಅಳು. ನಿನ್ನೆ ಒಲೆಯ ಮುಂದೆ ಕಣ್ಣೀರು ಹಿಟ್ಟಿಗೆ ಬಿತ್ತು. ನೀಲಗಂಗಮ್ಮ ಆ ಮುದ್ದೆ ತೆಗೆದು ನಾಯಿಗೆ ಹಾಕಿ, "ಗಿರಾಕಿಗೆ ಉಪ್ಪು ಜಾಸ್ತಿ ಆಗ್ತೈತಿ, ಹೋಗಿ ಮಾರಿ ತೊಳಕೊಂಡು ಬಾ" ಎಂದರು.

ಎಡಗಾಲಿನ ಮೀನಖಂಡ ಹಿಡಿದುಕೊಂಡಿದೆ. ಬೆಳಿಗ್ಗೆ ಒಂಬತ್ತರಿಂದ ಮೂರರ ತನಕ ಕಾಲು ಮಡಚಿ ಕೂತು ಇನ್ನೂರು ರೊಟ್ಟಿ ಬಡಿದರೆ ಕಾಲು ಹಿಡಿಯದೆ ಇನ್ನೇನು ಬಿಡು. ಇನ್ನೊಂದು ವಿಷಯ ಬರೆಯುವುದಿತ್ತು, ನೀನು ಬೈಯುತ್ತೀಯ. ಮುಂದಿನ ಸಲ ಬರೆಯುತ್ತೇನೆ.

ಅಮೃತಾ


ಬೊಮ್ಮನಹಟ್ಟಿ
೧೭ ಆಗಸ್ಟ್ ೨೦೨೪

ನಿನ್ನ ಪತ್ರ ಓದಿ ನಕ್ಕೆ. ಕಾರಣವಿಲ್ಲದೆ ಅಳುವುದು, ಮೊಡವೆ, ಕಾಲುಸೆಳೆತ, ಇವನ್ನು ಹೊತ್ತುಕೊಂಡು ತಿಂಗಳಿಗೆ ಹತ್ತು ಹೆಂಗಸರು ನನ್ನ ಹತ್ತಿರ ಬರುತ್ತಾರೆ. ಹೆಣ್ಣಾಗಬೇಕು ಅಂದೆಯಲ್ಲ, ಹೆಣ್ಣಾಗುವುದೆಂದರೆ ಇದೇ. ಕುಪ್ಪಸ ಮಾತ್ರ ಬೇಕು, ಅಳು ಬೇಡ ಎಂದರೆ ಹೇಗೆ?

ಕಾಲಿಗೆ ಔಡಲೆಣ್ಣೆ ಬೆಚ್ಚಗೆ ಮಾಡಿ, ಯಾರಿಂದಾದರೂ ಮೇಲಿಂದ ಕೆಳಗೆ ಗಟ್ಟಿಯಾಗಿ ತಿಕ್ಕಿಸಿಕೊ. ಬಾಣಂತಿಯರಿಗೆ ನಾನೇ ತಿಕ್ಕಿದ್ದೇನೆ, ಒಂದೇ ದಿನಕ್ಕೆ ಹಗುರಾಗುತ್ತದೆ.

ಮತ್ತೆ ತೊಂಬತ್ತು ಗುಳಿಗೆ ಇಟ್ಟಿದ್ದೇನೆ. ನಡುವೆ ನಿಲ್ಲಿಸಬೇಡ. ಇದನ್ನು ಬಿಟ್ಟ ಎರಡು ಮೂರು ದಿನಕ್ಕೆ ಹಿಡಿದಿಟ್ಟದ್ದೆಲ್ಲ ಬಿಟ್ಟುಹೋಗುತ್ತದೆ, ನನಗೆ ಗೊತ್ತು.

ಅಂಜಿನಕ್ಕ


ಬೊಮ್ಮನಹಟ್ಟಿ
೨೨ ಸೆಪ್ಟೆಂಬರ್ ೨೦೨೪

ಐದು ವಾರವಾಯಿತು, ನಿನ್ನ ಕಾಗದವಿಲ್ಲ. ಈ ತಿಂಗಳ ಎರಡನೇ ತಾರೀಖು ನಿನ್ನ ಫೋನು ಬಂತು. ಮೂರು ಸಲ ಬಂತು. ನಿನ್ನ ಭಾವ ಎದುರಿಗೆ ಕೂತು ಉಣ್ಣುತ್ತಿದ್ದರು. "ಯಾರದು" ಎಂದರು. "ಕಂಪನಿಯವ್ರು" ಎಂದು ಕಟ್ ಮಾಡಿದೆ. ಮರುದಿನ ಹೊಸಹಳ್ಳಿಗೆ ಹೋದಾಗ ಬಸ್‌ಸ್ಟ್ಯಾಂಡಿನಲ್ಲಿ ನಿಂತು ನಿನಗೆ ಫೋನು ಹಚ್ಚಿದೆ, ಸ್ವಿಚ್ ಆಫ್ ಎಂದಿತು. ಆಮೇಲೂ ನಾಲ್ಕು ಸಲ ಹಚ್ಚಿದೆ.

ನನ್ನ ಮೇಲೆ ಸಿಟ್ಟಿದ್ದರೆ ಸಿಟ್ಟು ಎಂದೇ ಬರಿ. ಖಾಲಿ ಹಾಳೆ ಮಡಚಿ ಕಳಿಸಿದರೂ ಸಾಕು. ಅವ್ವ ಎರಡು ಸಲ ಹೋಳಿಗೆ ಮಾಡಿ ಇಟ್ಟಳು. ಕಳಿಸುವ ಲಕೋಟೆ ಇಲ್ಲ ಎಂದೆ. ಎತ್ತಿಕೊಂಡು ಹೋಗಿ ಮಕ್ಕಳಿಗೆ ಕೊಟ್ಟಳು.

ಅಂಜಿನಕ್ಕ


ಹರಪನಹಳ್ಳಿ
೩ ಅಕ್ಟೋಬರ್ ೨೦೨೪

ಅಕ್ಕ,

ಸಿಟ್ಟು.

ನೀನು ಹೇಳಿದ ಹಾಗೆ ಔಡಲೆಣ್ಣೆ ತಿಕ್ಕಿಸಿಕೊಂಡೆ. ಮರುದಿನ ಬೆಳಿಗ್ಗೆ ಎಡಗಾಲು ತೊಡೆಯ ತನಕ ಬಾತು ನೀಲಿಗಟ್ಟಿತ್ತು. ನೆಲಕ್ಕೆ ಊರಲು ಆಗಲಿಲ್ಲ. ಏನು ಮಾಡಲಿ ಎಂದು ಕೇಳಲು ನಿನಗೆ ಫೋನು ಮಾಡಿದೆ. ಮೂರನೆಯ ಸಲ ನೀನು ಕಟ್ ಮಾಡಿದಾಗ ನೀಲಗಂಗಮ್ಮ ನನ್ನ ಕೈಯಿಂದ ಫೋನು ಕಿತ್ತುಕೊಂಡು ಕಾರು ಕರೆಸಿದರು. ಆ ಗದ್ದಲದಲ್ಲಿ ಫೋನು ಎಲ್ಲೋ ಬಿದ್ದುಹೋಯಿತು.

ದಾವಣಗೆರೆಯ ಆಸ್ಪತ್ರೆಯಲ್ಲಿ ಗಂಡಸರ ವಾರ್ಡೋ ಹೆಂಗಸರ ವಾರ್ಡೋ ಎಂದು ತೀರ್ಮಾನವಾಗದೆ ಒಂದು ಗಂಟೆ ಸ್ಟ್ರೆಚರಿನ ಮೇಲೆ ಮಲಗಿದ್ದೆ. ನೀಲಗಂಗಮ್ಮನೇ ಗಂಟಲೇರಿಸಿದರು: "ಈಕಿ ನಮ್ಮ ರೊಟ್ಟಿ ಬಡಿಯಾಕಿ ಅದಾಳ್ರಿ. ಹೆಣ್ಮಕ್ಕಳ ಕಡೀಗೆ ಹಾಕ್ರಿ, ಕಾಲು ಹೋದಮ್ಯಾಲ ವಿಚಾರ ಮಾಡ್ತೀರೇನು." ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಆ ಹೆಪ್ಪು ಶ್ವಾಸಕೋಶಕ್ಕೆ ಏರಿದ್ದರೆ ಈ ಪತ್ರ ಇರುತ್ತಿರಲಿಲ್ಲ. ಅಂಥ ಕಾಲನ್ನು ತಿಕ್ಕುವುದೆಂದರೆ ಹೆಪ್ಪನ್ನು ಮೇಲಕ್ಕೆ ತಳ್ಳಿದ ಹಾಗೆ ಎಂದರು ಅಲ್ಲಿಯ ಡಾಕ್ಟರಮ್ಮ. ಒಂಬತ್ತು ದಿನ ಅಲ್ಲಿದ್ದೆ. ಈಗ ರಕ್ತ ತೆಳುವಾಗಿಸುವ ಗುಳಿಗೆ ನಡೆದಿದೆ. ಮಾಲಾ, ನಿನ್ನ ಇನ್ನೊಂದು ಗುಳಿಗೆ, ಎರಡನ್ನೂ ಅಂದೇ ನಿಲ್ಲಿಸಿದರು.

ನಾನು ಮುಚ್ಚಿಟ್ಟದ್ದನ್ನೂ ಹೇಳುತ್ತೇನೆ. ಮಾರ್ಚಿನಿಂದ ಮಾಲಾ ಹಾಳೆಯಲ್ಲಿ ಹಾರ್ಮೋನಿರುವ ಬಿಳಿ ಗುಳಿಗೆಯನ್ನು ದಿನಕ್ಕೆ ಎರಡು ನುಂಗುತ್ತಿದ್ದೆ. ಬೇಗ ಆಗಲಿ ಎಂದು. ಹೇಳಿದರೆ ನೀನು ಗುಳಿಗೆ ನಿಲ್ಲಿಸುತ್ತೀಯ, ಆಮೇಲೆ ಲಕೋಟೆಯೂ ನಿಲ್ಲುತ್ತದೆ ಎಂದು ಸುಮ್ಮನಿದ್ದೆ.

ಡಾಕ್ಟರಮ್ಮ ಯಾರು ಕೊಟ್ಟರು ಎಂದು ಕೇಳಿದರು. ಮಾಲಾ ಮೆಡಿಕಲ್ ಶಾಪಿನದು ಎಂದು ಸುಳ್ಳು ಹೇಳಿದೆ. ಎರಡನೆಯದನ್ನು ತೋರಿಸಿದಾಗ ಅವರು ಆ ಚೂರುಗಳನ್ನು ಅಂಗೈಯಲ್ಲಿಟ್ಟು ತಿರುಗಿಸಿ ನೋಡಿದರು. "ಹೆಸರು ಯಾಕೆ ಕತ್ತರಿಸಿದ್ದಾರೆ? ಇದು ಏನೆಂದು ಗೊತ್ತಾಗದೆ ಮುಂದೆ ನಿನಗೆ ಯಾವ ಹಾರ್ಮೋನು ಕೊಡಬಹುದು ಎಂದು ನಾನು ಹೇಗೆ ಹೇಳಲಿ?" ಎಂದರು.

ನಾನು ಏನು ನುಂಗಿದೆ ಅಕ್ಕ? ಅಡ್ಡಗೋಡೆಯ ಮೇಲೆ ದೀಪ ಇಡಬೇಡ. ಹೆಸರು ಬರಿ.

ಅಮೃತಾ


ಬೊಮ್ಮನಹಟ್ಟಿ
೧೧ ಅಕ್ಟೋಬರ್ ೨೦೨೪

ಅಮೃತಾ,

ಅದರ ಹೆಸರು ನಾರ್‌ಎಥಿಸ್ಟೆರಾನ್, ಐದು ಮಿಲಿಗ್ರಾಂ. ಮುಟ್ಟು ಮುಂದೂಡುವ ಗುಳಿಗೆ. ಕೊಟ್ಟೂರಿನ ಒಂದು ಅಂಗಡಿಯಲ್ಲಿ ಚೀಟಿಯಿಲ್ಲದೆ ಕೊಡುತ್ತಾರೆ, ಅಲ್ಲಿಂದ ತರುತ್ತಿದ್ದೆ. ಈ ಕಡೆ ಅದನ್ನು ನುಂಗದ ಹೆಂಗಸಿಲ್ಲ. ಮನೆದೇವರ ಕಾರ್ಯ, ಮದುವೆ, ಗೃಹಪ್ರವೇಶ, ಏನೇ ಬಂದರೂ "ಅಂಜಿನಕ್ಕ, ಡೇಟ್ ಮುಂದ ಹಾಕೋ ಗುಳಿಗಿ ಕೊಡು" ಎಂದು ಬಾಗಿಲಿಗೆ ಬರುತ್ತಾರೆ. ನಾನೇ ಪ್ರತಿ ವರ್ಷ ನುಂಗುತ್ತೇನೆ. ಮನೆಗೆ ಗೊರವಯ್ಯ ಬಂದಾಗ ಮೈಲಾರಲಿಂಗನ ಹೆಸರಲ್ಲಿ ಅವನ ಭಿಕ್ಷೆಯ ಬಟ್ಟಲಾದ ಮರದ ದೋಣಿಗೆ ಹಾಲು, ತುಪ್ಪ, ಬಾಳೆಹಣ್ಣು ತುಂಬುವುದು ಮನೆಮಗಳ ಕೈಯಿಂದಲೇ ಆಗಬೇಕಲ್ಲ. ಆ ದಿನ ನಾನು ಮುಟ್ಟಾಗಿ ಹೊರಗೆ ಕೂತರೆ ದೋಣಿ ಖಾಲಿ. ಹೀಗಾಗಿ ಹತ್ತು ಹನ್ನೆರಡು ದಿನ ದಿನಕ್ಕೆ ಮೂರು ನುಂಗುತ್ತೇನೆ. ಹೊಟ್ಟೆ ಉಬ್ಬುತ್ತದೆ, ತಲೆ ಸಿಡಿಯುತ್ತದೆ, ಯಾರಿಗೂ ಹೇಳುವುದಿಲ್ಲ.

ಟ್ರೈನಿಂಗಿನ ಪಟದಲ್ಲಿ ಗರ್ಭಚೀಲವನ್ನು ಹಿಡಿದಿಡುವುದು ಪ್ರೊಜೆಸ್ಟೆರಾನ್ ಎಂದಿತ್ತು. ಈ ಗುಳಿಗೆಯೂ ಹಿಡಿದಿಡುತ್ತದೆ. ಎರಡೂ ಒಂದೇ ಎಂದುಕೊಂಡೆ. ನಮಗೆ ಹತ್ತು ದಿನದ್ದು, ನಿನಗೆ ಎರಡು ತಿಂಗಳು ಕೊಟ್ಟೆ. ಹೆಸರು ಕತ್ತರಿಸಿದ್ದು ಸಿಕ್ಕಿಬೀಳುತ್ತೇನೆ ಎಂದಷ್ಟೇ ಅಲ್ಲ. ನೀನು ಫೋನಿನಲ್ಲಿ ಹೆಸರು ಹಾಕಿ ಹುಡುಕಿ, ಅಕ್ಕನಿಗೆ ಏನೂ ಗೊತ್ತಿಲ್ಲ ಅಂದುಕೊಳ್ಳುತ್ತೀಯ ಎಂಬ ಅಂಜಿಕೆಯೂ ಇತ್ತು.

ಡಾಕ್ಟರು ಬೇಡ ಎಂದದ್ದಕ್ಕೂ ಇನ್ನೊಂದು ಕಾರಣ ಇದೆ. ನಿನಗೆ ಗುಳಿಗೆ ಬೇರೆಯವರು ಕೊಟ್ಟರೆ ನನಗೆ ಪತ್ರ ಯಾಕೆ ಬರೆಯುತ್ತೀಯ? ಟ್ರಂಕು ಬೀದಿಗೆ ಬಿದ್ದ ದಿನ ನಾನೂ ಬಾಗಿಲ ಹಿಂದೆಯೇ ನಿಂತಿದ್ದೆ. ಗುಳಿಗೆ ಕಳಿಸಿ ಅದನ್ನು ತೀರಿಸುತ್ತಿದ್ದೇನೆ ಎಂದುಕೊಂಡಿದ್ದೆ. ನಿನ್ನನ್ನು ಸಾಯಿಸುತ್ತಿದ್ದೆ.

ಡಾಕ್ಟರಮ್ಮನಿಗೆ ನನ್ನ ಹೆಸರು ಹೇಳು, ಊರಿನ ಹೆಸರೂ ಹೇಳು. ನಮ್ಮ ನರ್ಸಮ್ಮನಿಗೆ ನಾನು ನಿನ್ನೆಯೇ ಎಲ್ಲ ಹೇಳಿದೆ. ಅವರು ತಲೆಮೇಲೆ ಕೈ ಹೊತ್ತು ಕೂತರು. ಮೇಲಿನವರಿಗೆ ಬರೆಯುತ್ತಾರೋ ಏನೋ, ಬರೆಯಲಿ.

ಅಂಜಿನಕ್ಕ


ಹರಪನಹಳ್ಳಿ
೨೪ 	ನವೆಂಬರ್ ೨೦೨೪

ಅಕ್ಕ,

ನಿನ್ನ ಪತ್ರವನ್ನೇ ಡಾಕ್ಟರಮ್ಮನ ಮೇಜಿನ ಮೇಲಿಟ್ಟೆ. ಓದಿ ಕನ್ನಡಕ ತೆಗೆದರು. "ಈಕೆ ತಪ್ಪು ಮಾಡಿದ್ದಾಳೆ, ಆದರೆ ಹೀಗೆ ನಿಜ ಬರೆದುಕೊಟ್ಟವರನ್ನು ನಾನು ನೋಡಿಲ್ಲ" ಎಂದರು. ಇದನ್ನು ನಿನಗೆ ಹೇಳಬಾರದು ಎಂದುಕೊಂಡಿದ್ದೆ. ಸಿಟ್ಟು ಪೂರ್ತಿ ಹೋಗಿಲ್ಲ.

ಅವರು ಹೇಳಿದ್ದು ಹೀಗೆ. ನಿನ್ನ ಗುಳಿಗೆ ಪ್ರೊಜೆಸ್ಟೆರಾನ್ ಅಲ್ಲ, ಅದರ ಕೆಲಸವನ್ನು ಮಾಡುವಂತೆ ತಯಾರಿಸಿದ ಬೇರೆಯ ಔಷಧಿ. ಅದಕ್ಕೆ ಗಂಡು ಹಾರ್ಮೋನಿನ ಗುಣವೂ ಸ್ವಲ್ಪ ಇದೆ. ಮೊಡವೆ, ಗಲ್ಲದ ಕೂದಲು ಅದರಿಂದ ಬಂದಿರಬಹುದಂತೆ. ಹೆಣ್ಣಾಗಲು ದಿನಕ್ಕೆ ಮೂರು ಸಲ ನುಂಗಿದ್ದು ನನ್ನನ್ನು ಹಿಂದಕ್ಕೆ ಎಳೆಯುತ್ತಿತ್ತು. ಅಷ್ಟೇ ಅಲ್ಲ, ಅದರಲ್ಲಿ ಸ್ವಲ್ಪ ಪಾಲು ಮೈಯೊಳಗೆ ಹೋಗಿ ಮಾಲಾದಲ್ಲಿರುವ ಈಸ್ಟ್ರೋಜನ್ನೇ ಆಗುತ್ತದೆ. ಆ ಬಗೆಯ ಈಸ್ಟ್ರೋಜನ್ ರಕ್ತ ಹೆಪ್ಪುಗಟ್ಟಿಸುವುದು ಹೆಚ್ಚು, ಅದಕ್ಕೇ ನನ್ನಂಥವರಿಗೆ ಅದನ್ನು ಕೊಡುವುದಿಲ್ಲ. ನಾನು ಎರಡು ನುಂಗಿ, ಮೇಲೆ ನಿನ್ನದನ್ನೂ ನುಂಗಿ, ಆರು ತಾಸು ಕಾಲು ಮಡಚಿ ಕೂತೆ.

ಹಾರ್ಮೋನುಗಳ ಸಮತೋಲ ಎಂದರೆ ಏನ್ರಿ ಎಂದು ಕೇಳಿದೆ. ನನ್ನ ಕೆಲಸ ಗೊತ್ತಿದ್ದುದರಿಂದ ಅವರು ಕೇಳಿದರು: "ಒಂದು ಸೇರು ಜೋಳದ ಹಿಟ್ಟಿಗೆ ಎಷ್ಟು ನೀರು ಹಾಕ್ತೀಯಮ್ಮ?" ಹಿಟ್ಟು ಮುಟ್ಟಿ ನೋಡದೆ ಹೇಳಲು ಬರುವುದಿಲ್ಲ, ಹಿಟ್ಟು ಹಿಟ್ಟಿಗೂ ಬೇರೆ ಎಂದೆ. "ನಾನು ರಕ್ತಪರೀಕ್ಷೆ ಮಾಡುವುದು ಅದಕ್ಕೇ" ಎಂದರು. ಪ್ರೊಜೆಸ್ಟೆರಾನ್ ಸೇರಿಸಿದರೆ ಎದೆ ತುಂಬುತ್ತದೆ ಎನ್ನಲು ಗಟ್ಟಿ ಪುರಾವೆ ಇನ್ನೂ ಇಲ್ಲವಂತೆ. ಕೆಲವರಿಗೆ ಕೊಡುತ್ತಾರೆ, ಎಲ್ಲರಿಗೂ ಬೇಕು ಎಂದಿಲ್ಲ. ಕಾಲು ಪೂರ್ತಿ ಗುಣವಾದ ಮೇಲೆ, ರಕ್ತದ ಡಾಕ್ಟರೂ ಒಪ್ಪಿದರೆ, ಚರ್ಮಕ್ಕೆ ಹಚ್ಚುವ ಈಸ್ಟ್ರೋಜನ್ನನ್ನು ಸ್ವಲ್ಪವೇ ಸ್ವಲ್ಪ ಶುರುಮಾಡಬಹುದು. ಮಾತು ಕೊಡುವುದಿಲ್ಲ ಎಂದರು. ಅಲ್ಲಿಯ ತನಕ ಗಂಡು ಹಾರ್ಮೋನು ತಗ್ಗಿಸುವ ಒಂದು ಗುಳಿಗೆ ಮಾತ್ರ.

ಎದೆ ಸ್ವಲ್ಪ ಇಳಿದಿದೆ. ಕನ್ನಡಿಗೆ ಟವೆಲ್ ಹೊದಿಸಿದ್ದೇನೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ನನಗೆ ಭಯ ಆಗುತ್ತದೆ ಅಕ್ಕ. ಮತ್ತೆ ಶುರುವಾಗದೆ ಹೋದರೆ ಏನು ಮಾಡಲಿ ಎಂದು ಕೇಳಲು ನಿನ್ನನ್ನು ಬಿಟ್ಟರೆ ಯಾರೂ ಇಲ್ಲ. ನಿನ್ನ ಹತ್ತಿರವೂ ಉತ್ತರ ಇಲ್ಲ ಎಂದು ಈಗ ಗೊತ್ತಿದೆ, ಆದರೂ ಬರೆಯುತ್ತೇನೆ.

ನಿನ್ನ ತಲೆಸಿಡಿತದ ವಿಷಯವನ್ನೂ ಡಾಕ್ಟರಮ್ಮ ಓದಿದರು. ಪರೀಕ್ಷೆ ಮಾಡಿಸಿಕೊಳ್ಳದೆ ಇನ್ನು ಆ ಗುಳಿಗೆ ಮುಟ್ಟಬೇಡ ಎಂದು ಹೇಳಿಕಳಿಸಿದ್ದಾರೆ.

ಅಮೃತಾ


ಬೊಮ್ಮನಹಟ್ಟಿ
೨ ಜನವರಿ ೨೦೨೫

ತಂಗಿ ಅಮೃತಾ,

ಮೇಲಿನವರು ಕರೆಸಿ ಬೈದು, ತಪ್ಪೊಪ್ಪಿಗೆ ಬರೆಸಿಕೊಂಡು ಬಿಟ್ಟರು. ಕೆಲಸ ಉಳಿದಿದೆ. ಗುಳಿಗೆ ಕೇಳಿ ಬಂದವರಿಗೆಲ್ಲ "ಮೊದ್ಲು ಡಾಕ್ಟರ ಚೀಟಿ ತರ್ರಿ" ಅನ್ನುತ್ತೇನೆ. ಅಂಜಿನಕ್ಕಗೆ ಸೊಕ್ಕು ಬಂದಿದೆ ಎಂದು ಓಣಿಯಲ್ಲಿ ಮಾತು.

ಹತ್ತೊಂಬತ್ತನೇ ತಾರೀಖು, ಭಾನುವಾರ, ಮನೆಯಲ್ಲಿ ದೋಣಿ ತುಂಬಿಸುವುದಿದೆ. ನಾನು ಈ ಸಲ ಗುಳಿಗೆ ನುಂಗುವುದಿಲ್ಲ. ನನ್ನ ದಿನವೂ ಸರಿಯಾಗಿ ಆಗಲೇ ಬರುತ್ತದೆ. ಹಾಗೆಂದು ಅವ್ವನ ಮುಂದೆ, ನಿನ್ನ ಭಾವನ ಮುಂದೆ ಹೇಳಿದೆ. "ಮತ್ತ ದೋಣಿ ಯಾರು ತುಂಬಸ್ತಾರ? ಈ ಮನಿಗೆ ಮಗಳು ನೀನೊಬ್ಬಾಕಿ" ಎಂದರು ಅವರು. ನನಗೆ ಎಲ್ಲಿಂದ ಧೈರ್ಯ ಬಂತೋ. "ಇನ್ನೊಬ್ಬಾಕಿ ಅದಾಳ. ಆಕಿಗೆ ಮುಟ್ಟೂ ಇಲ್ಲ, ಗುಳಿಗಿನೂ ಬೇಕಿಲ್ಲ" ಎಂದೆ.

ಅವರು ತಟ್ಟೆ ಸರಿಸಿ ಎದ್ದು ಕುರಿಹಟ್ಟಿಗೆ ಹೋದರು. ಅವ್ವ ಗೊರವಯ್ಯ ಚೌಡಣ್ಣನನ್ನು ಕೇಳಿ ಬಂದಳು. ಅವನು, "ಅಕ್ಕ ತಂಗಿ ಅಂತ ನೀವು ಒಪ್ಪಿದ್ರ ಮುಗೀತು, ಮೈಲಾರಲಿಂಗ ಆಧಾರ್ ಕಾರ್ಡು ಕೇಳಂಗಿಲ್ಲ" ಎಂದನಂತೆ. ನಿನ್ನ ಭಾವ ಇನ್ನೂ ಹೂಂ ಎಂದಿಲ್ಲ, ಊಹೂಂ ಎಂದೂ ಅಂದಿಲ್ಲ. ಅವ್ವ ನಿನಗೆಂದು ಒಂದು ಹಸಿರು ಸೀರೆ ತೆಗೆದಿಟ್ಟಿದ್ದಾಳೆ.

ಬಾ. ದೋಣಿಗೆ ಹಾಲು ನಿನ್ನ ಕೈಯಿಂದ ಬೀಳಲಿ.

ನಿನ್ನ ಅಕ್ಕ


ಹರಪನಹಳ್ಳಿ
೯ ಜನವರಿ ೨೦೨೫

ಅಕ್ಕ,

ಅಂಚೆಯಣ್ಣ ಬಾಗಿಲಲ್ಲಿ ನಿಂತು "ಅಮೃತಾ ಯಾರ್ರಿ" ಎಂದು ಕೂಗಿದ. ಅವನಿಗೆ ಗೊತ್ತಿದೆ, ಆದರೂ ಕೂಗಿದ. ಹಿಟ್ಟಿನ ಕೈಯನ್ನೇ ಎತ್ತಿದೆ.

ಪತ್ರ ಓದಿ ಎರಡು ದಿನ ನೆಲದ ಮೇಲೆ ಕಾಲಿರಲಿಲ್ಲ. ಮೂರನೆಯ ದಿನ ರೊಟ್ಟಿ ಬಡಿಯುವಾಗ ಒಂದು ಮಾತು ಚುಚ್ಚಿತು. ಮುಟ್ಟಾಗದ ಮಗಳು ಎಂದು ನನ್ನನ್ನು ಕರೆದಿದ್ದೀರಿ. ನನಗೆ ಯಾವುದು ಇಲ್ಲ ಎಂದು ಹದಿಮೂರನೇ ವಯಸ್ಸಿನಿಂದ ಅಳುತ್ತಾ ಬಂದೆನೋ ಅದನ್ನೇ ನೀವು ನನ್ನ ಯೋಗ್ಯತೆ ಮಾಡಿದಿರಿ. ನೀನು ಬೇಕೆಂದು ಮಾಡಲಿಲ್ಲ, ಗೊತ್ತು. ಗುಳಿಗೆಯನ್ನೂ ನೀನು ಬೇಕೆಂದು ಕೊಡಲಿಲ್ಲ.

ದೋಣಿಗೆ ನಾನು ಹಾಲು ಹಾಕುವುದಿಲ್ಲ. ಅವ್ವ ಹಾಕಲಿ. ನಲವತ್ತು ವರ್ಷ ಆ ಒಲೆಗೆ ಬೆಂಕಿ ಹಾಕಿದವಳು ಮನೆಮಗಳಲ್ಲದೆ ಇನ್ನೂ ಸೊಸೆಯೇ ಏನು? ಚೌಡಣ್ಣನನ್ನು ಇನ್ನೊಂದು ಸಲ ಕೇಳಿರಿ, ಅದಕ್ಕೂ ಅವನು ಒಪ್ಪಿಯಾನು.

ಆದರೆ ಭಾನುವಾರ ಬರುತ್ತೇನೆ. ಬಸ್ಸಿನಲ್ಲಿ ತುಂಬ ಹೊತ್ತು ಕೂರಬೇಡ ಎಂದಿದ್ದಾರೆ, ಕೊಟ್ಟೂರಲ್ಲಿ ಇಳಿದು ಸ್ವಲ್ಪ ಅಡ್ಡಾಡಿ ಮುಂದಿನ ಬಸ್ಸು ಹಿಡಿಯುತ್ತೇನೆ. ಮಧ್ಯಾಹ್ನದ ಹೊತ್ತಿಗೆ ಬಂದೇನು. ಹಸಿರು ಸೀರೆಯನ್ನು ಅವ್ವ ತನ್ನ ಕೈಯಾರೆ ಕೊಟ್ಟರೆ ಉಡುತ್ತೇನೆ.

ಆ ಹೊತ್ತಿಗೆ ನೀನು ಬೇವಿನ ಕಟ್ಟೆಯ ಮೇಲೆ ಹೊರಗೆ ಕೂತಿರುತ್ತೀಯ. ಚಾಪೆ ದೊಡ್ಡದು ಹಾಸಿಕೊ. ಭಾವ ನೋಡಲಿ, ಓಣಿ ನೋಡಲಿ, ನಾನು ಒಳಗೆ ಹೋಗುವುದಿಲ್ಲ, ನಿನ್ನ ಮಗ್ಗುಲಲ್ಲಿ ಕೂರುತ್ತೇನೆ. ಊಟದ ಹೊತ್ತಿಗೆ ಅವ್ವ ಬಂದು ಹೊರಗೆ ಎರಡು ಎಲೆ ಹಾಕಲಿ.

ನಿನ್ನ ತಂಗಿ
ಅಮೃತಾ